ಮೊಳೆಯಕ್ಕ ಬಿಚ್ಚಿದ ಕುರ್ಚಿ

ಬಾಯಿ ತುಂಬ ಮೊಳೆ ಇಟ್ಟುಕೊಂಡು ಮಾತಾಡುವುದು ಎಲ್ಲರಿಗೂ ಆಗುವ ಕೆಲಸವಲ್ಲ. ಮೊಳೆಯಕ್ಕ ನಲವತ್ತು ವರ್ಷದಿಂದ ಹಾಗೆಯೇ ಮಾತಾಡುತ್ತ ಬಂದವಳು. ಸಣ್ಣ ಮೊಳೆಗಳನ್ನು ಬಾಯಿಗೆ ಹಾಕಿಕೊಂಡು, ನಾಲಗೆಯಿಂದ ಒಂದೊಂದನ್ನೇ ತುಟಿಗೆ ತಂದು, ಅಯಸ್ಕಾಂತದ ಸುತ್ತಿಗೆಗೆ ಅಂಟಿಸಿ, ಒಂದೇ ಏಟಿಗೆ ಮರಕ್ಕೆ ಇಳಿಸುತ್ತಾಳೆ. ಕುರ್ಚಿ, ಸೋಫಾಗಳಿಗೆ ಹೊಸ ಹೊದಿಕೆ ಹಾಕುವ ಈ ಕಸುಬು ಅವಳಿಗೆ ಅಪ್ಪನಿಂದ ಬಂದದ್ದು. ಅವಳ ನಿಜವಾದ ಹೆಸರು ಈಗ ಕರೆಂಟ್ ಬಿಲ್ಲಿನಲ್ಲಿ ಮಾತ್ರ ಉಳಿದಿದೆ.

ಅಂಗಡಿ ಅಂದರೆ ಉದ್ದನೆಯ ಒಂದು ಕೋಣೆ. ಬಾಗಿಲ ಹತ್ತಿರ ಅಕ್ಕನ ಮೇಜು, ಹಿಂದೆ ಕಿಟಕಿಯ ಪಕ್ಕ ತಂಗಿಯ ಹೊಲಿಗೆ ಯಂತ್ರ. ಗಂಡ ತೀರಿಕೊಂಡ ಮೇಲೆ ತಂಗಿ ಯಂತ್ರವನ್ನೂ ಹೊರಿಸಿಕೊಂಡು ಇಲ್ಲಿಗೆ ಬಂದಳು. ಮದುವೆಯ ಗೊಡವೆಗೇ ಹೋಗದ ಅಕ್ಕ, ಮಾತಿಲ್ಲದೆ ಮೇಜನ್ನು ನಾಲ್ಕು ಅಡಿ ಮುಂದಕ್ಕೆ ಸರಿಸಿದಳು. ಅಳತೆ, ಹೊಲಿಗೆ ತಂಗಿಯದು. ಸ್ಪ್ರಿಂಗು, ನಾರು, ಹತ್ತಿ, ಮೊಳೆ ಅಕ್ಕನದು.

ಅಪ್ಪ ಬಿಟ್ಟುಹೋದ ಪದ್ಧತಿಯೊಂದಿತ್ತು. ಹೊದಿಕೆ ಮುಚ್ಚುವ ಮೊದಲು ಕುರ್ಚಿಯ ಒಳಮರದ ಮೇಲೆ ಪೆನ್ಸಿಲಿನಲ್ಲಿ ತಾರೀಕು ಹಾಕಿ, ಅವತ್ತಿನದೊಂದು ಮಾತು ಬರೆಯಬೇಕು. ಯಾರು ಕೈ ಹಾಕಿದರೂ ಬರೆಯಬೇಕು, ನಿಜವನ್ನೇ ಬರೆಯಬೇಕು. "ಗಿರಾಕಿಗೆ ಬೇಕಾದ್ರೆ ಸುಳ್ಳು ಹೇಳು, ಮರಕ್ಕೆ ಹೇಳಬೇಡ" ಅನ್ನುತ್ತಿದ್ದ ಆತ. ಹತ್ತಿಪ್ಪತ್ತು ವರ್ಷದ ಮೇಲೆ ಬಿಚ್ಚುವವರು ಓದಿಕೊಳ್ಳಲಿ ಎಂಬುದು ಆಸೆ. ಹೊದಿಕೆ ಅಷ್ಟು ಕಾಲ ಬಾಳುತ್ತದೆ ಎಂಬ ನಂಬಿಕೆಯ ಮೇಲೆ ನಿಂತ ಪದ್ಧತಿ ಅದು. ಪಾಪ, ಬೆಕ್ಕುಗಳನ್ನು ಅಪ್ಪ ಲೆಕ್ಕಕ್ಕೆ ಹಿಡಿದಿರಲಿಲ್ಲ.

ಹಿಂದಿನ ಬೀದಿಯ ನಿವೃತ್ತ ಇಂಗ್ಲಿಷ್ ಮೇಷ್ಟ್ರು ಒಂದು ಬೆಳಿಗ್ಗೆ ಕೈಗಾಡಿಯಲ್ಲಿ ಕುರ್ಚಿ ಹೊರಿಸಿಕೊಂಡು ಬಂದರು. ಅದರ ಹೊದಿಕೆಯನ್ನು ಅವರ ಬೆಕ್ಕು ಪರಪರನೆ ಹರಿದಿತ್ತು.

"ಹೋದ ವರ್ಷ ತಾನೇ ನಿಮ್ಮ ಹತ್ರ ಮಾಡಿಸಿದ್ದು, ನೋಡಿ ಅದರ ಗತಿ!"

ಅಕ್ಕ ಕುರ್ಚಿಯ ಸುತ್ತ ಒಂದು ಸುತ್ತು ಬಂದಳು. "ನನ್ನ ಹತ್ರ ಅಲ್ಲ ಮೇಷ್ಟ್ರೇ. ಈ ಕುರ್ಚೀನ ಇವತ್ತೇ ನೋಡ್ತಿರೋದು ನಾನು."

"ನೀವೇ ಅಮ್ಮಾ. ಇದೇ ಬಾಗಿಲಲ್ಲಿ ನಿಂತು ಬಟ್ಟೆ ಆರಿಸಿದ್ದೆ."

"ಬೇರೆ ಅಂಗಡಿ ಇರಬೇಕು. ಸುಮ್ನೆ ಯಾಕೆ ವಾದ? ಬಿಚ್ಚಿದ್ರೆ ಯಾರ ಕೈ ಅಂತ ಗೊತ್ತಾಗುತ್ತೆ."

ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಅನ್ನುವ ಜಾತಿ ಅವಳು. ಆದರೂ ಒಳಗೊಳಗೇ ಅಳುಕಿತ್ತು. ಇತ್ತೀಚೆಗೆ ಕತ್ತರಿಯನ್ನು ಕೈಯಲ್ಲಿಟ್ಟುಕೊಂಡೇ ಕತ್ತರಿ ಹುಡುಕುತ್ತಿದ್ದಳು. ಮನೆಗೆ ಹೋಗುವ ದಾರಿಯಲ್ಲಿ ಒಂದು ತಿರುವು ಜಾಸ್ತಿ ನಡೆದು ವಾಪಸು ಬಂದಿದ್ದಳು. ಅದಕ್ಕೆಲ್ಲ ವಯಸ್ಸು ಎಂಬ ಹೆಸರಿತ್ತು. ಆದರೆ ಕಸುಬಿನ ಮಾತೇ ಬೇರೆ. "ಕೆಲಸದಲ್ಲಿ ಮರೆತ ದಿನ ಸುತ್ತಿಗೆ ಕೆಳಗಿಡ್ತೀನಿ, ಆಮೇಲೆ ಒಂದು ಮೊಳೆಯನ್ನೂ ಹೊಡೆಯಲ್ಲ" ಎಂದು ತಂಗಿಯ ಮುಂದೆ ಆಣೆ ಮಾಡಿದ್ದಳು. ಸುತ್ತಿಗೆ ಇಲ್ಲದ ಮೊಳೆಯಕ್ಕ ಅಂದರೆ ಯಾರು ಎಂದು ಅವಳು ಯೋಚಿಸಿಯೂ ಇರಲಿಲ್ಲ.

ತಂಗಿ ದಾರದ ಉಂಡೆ ತರಲು ಹೋಗಿದ್ದಳು. ಅಕ್ಕ ಮೊಳೆ ಕೀಳತೊಡಗಿದಳು. ಮೇಷ್ಟ್ರು ಅಕ್ಕನ ಮೆತ್ತೆ ಹೊದಿಸಿದ ಸ್ಟೂಲಿನ ಮೇಲೆ ಕೂತು, ಸುಮ್ಮನಿರಲಾರದೆ ಪಾಠ ಶುರುಮಾಡಿದರು.

"ನೀವೀಗ ಮಾಡ್ತಿದೀರಲ್ಲ, ಇದಕ್ಕೇ ಇಂಗ್ಲಿಷಲ್ಲಿ ಡಿಸ್ಕವರ್ ಅನ್ನೋದು."

"ಅದು ಹೊಸ ದೇಶ ಗಿಶ ಕಂಡುಹಿಡಿಯೋದಲ್ವಾ?"

"ಆ ಅರ್ಥ ಆಮೇಲೆ ಬಂದಿದ್ದು. ಕವರ್ ಅಂದ್ರೆ ಹೊದಿಕೆ, ಡಿಸ್ ಅಂದ್ರೆ ಅದನ್ನ ತೆಗೆಯೋದು. ಲ್ಯಾಟಿನ್‌ನಿಂದ ಫ್ರೆಂಚಿಗೆ ಬಂತು, ಅಲ್ಲಿಂದ ಇಂಗ್ಲಿಷಿಗೆ. ಮೊದಮೊದಲು ಇಂಗ್ಲಿಷರು ಅದನ್ನ ಯಾರದಾದ್ರೂ ಗುಟ್ಟು ಬಯಲು ಮಾಡೋದು, ಹಿಡಿದುಕೊಡೋದು ಅನ್ನೋದಕ್ಕೂ ಬಳಸ್ತಿದ್ರು."

ಅಕ್ಕ ಕೈ ನಿಲ್ಲಿಸಿದಳು. "ಅಂದ್ರೆ ಕಂಡವರಿಗೆ ಲಾಭ, ಬಚ್ಚಿಟ್ಟವರಿಗೆ ಗ್ರಹಚಾರ."

ಮೇಷ್ಟ್ರು ನಕ್ಕರು. ಅಷ್ಟರಲ್ಲಿ ಕೊನೆಯ ಮೊಳೆ ಬಂತು, ಹೊದಿಕೆ ಸಡಿಲವಾಗಿ ಇಳಿಯಿತು. ಒಳಮರದ ಮೇಲೆ ದಪ್ಪ ಅಕ್ಷರಗಳು ಹಿಂದಕ್ಕೆ ವಾಲಿಕೊಂಡು ಕೂತಿದ್ದವು. ಹೋದ ವರ್ಷದ ತಾರೀಕು. 'ಮೇಷ್ಟ್ರ ಕುರ್ಚಿ. ಇವತ್ತು ಹಲ್ಲುನೋವು.'

ಅಕ್ಷರ ಅವಳದೇ. ನಾಲಗೆ ತಾನಾಗಿ ಬಲಗಡೆಗೆ ಹೋಯಿತು. ಅಲ್ಲಿ ಹಲ್ಲಿನ ಜಾಗ ಖಾಲಿ ಇತ್ತು. ಹಲ್ಲು ನೆನಪಿತ್ತು. ಕಿತ್ತ ಡಾಕ್ಟರ ಕೈಯ ಸೋಪಿನ ವಾಸನೆ ಕೂಡ ನೆನಪಿತ್ತು. ಕುರ್ಚಿ ಮಾತ್ರ ನೆನಪಿನಲ್ಲಿರಲಿಲ್ಲ. ಅದಿರಬೇಕಾದ ಕಡೆ ಎಷ್ಟು ತಡಕಿದರೂ ಬರಿ ಗೋಡೆ.

ಅದರ ಕೆಳಗೆ ಇನ್ನೊಂದು ಬರಹ, ಇರುವೆ ಸಾಲಿನ ಅಕ್ಷರ, ತಂಗಿಯದು: 'ಸ್ಪ್ರಿಂಗ್ ಕಟ್ಟದೆ ಮುಚ್ಚಿದ್ದಳು ಅಕ್ಕ. ಬಿಚ್ಚಿ ಕಟ್ಟಿದೆ. ಅವಳಿಗೆ ಹೇಳಿಲ್ಲ. ಇದು ಮೂರನೆಯದು.'

ಓದಲು ಬಗ್ಗಿದ್ದ ಮೇಷ್ಟ್ರು ಮೆಲ್ಲಗೆ ಕನ್ನಡಕ ತೆಗೆದರು. "ನಂಗೆ ಹತ್ತಿರದ್ದು ಕಾಣಲ್ಲ ಅಮ್ಮಾ. ನಿಧಾನವಾಗಿ ಮಾಡಿ, ಅವಸರ ಏನಿಲ್ಲ" ಎಂದು ಹೊರಟೇ ಹೋದರು. ಗೆದ್ದವರ ನಡಿಗೆಯಾಗಿರಲಿಲ್ಲ ಅದು.

ಅಕ್ಕನಿಗೆ ತಲೆಬುಡ ತಿಳಿಯಲಿಲ್ಲ. ಸ್ಪ್ರಿಂಗುಗಳನ್ನು ಹುರಿಯಿಂದ ಬಿಗಿದು ಕಟ್ಟದೆ ಯಾರಾದರೂ ಮುಚ್ಚುತ್ತಾರೆಯೇ? ಹತ್ತು ವರ್ಷದ ಮಗುವೂ ಮಾಡದ ತಪ್ಪು. ತಂಗಿಯೇ ತಪ್ಪು ಬರೆದಿರಬಹುದೇ? ಮರಕ್ಕೆ ಸುಳ್ಳು ಹೇಳುವವಳಲ್ಲ ಅವಳು. ಇದು ಮೂರನೆಯದಾದರೆ ಮೊದಲ ಎರಡು ಯಾರ ಮನೆಯಲ್ಲಿವೆ, ಅವುಗಳ ಮೇಲೆ ಯಾರು ಆರಾಮಾಗಿ ಕೂತಿದ್ದಾರೆ? ಸಿಟ್ಟು ಬಂತು. ಯಾರ ಮೇಲೆ ಎಂದು ಗೊತ್ತಾಗದೆ ಅದು ಅಲ್ಲಲ್ಲೇ ಸುತ್ತಿತು. ಸಿಕ್ಕಿಬಿದ್ದದ್ದು ತಾನೋ ತಂಗಿಯೋ ಎಂಬುದೂ ಬಗೆಹರಿಯಲಿಲ್ಲ.

ತಂಗಿ ದಾರ ಹಿಡಿದು ಒಳಗೆ ಬಂದವಳು ಬಿಚ್ಚಿದ ಕುರ್ಚಿ ಕಂಡು ಬಾಗಿಲಲ್ಲೇ ನಿಂತಳು.

"ಇನ್ನೆರಡು ಎಲ್ಲಿದಾವೆ?" ಅಕ್ಕ ಕೇಳಿದಳು.

"ಒಂದು ಔಷಧಿ ಅಂಗಡಿಯವರ ಸೋಫಾ." ತಂಗಿ ದಾರದ ಉಂಡೆ ಹಿಡಿದ ಕೈಯನ್ನೇ ಚಾಚಿ ತೋರಿಸಿದಳು. "ಇನ್ನೊಂದು ಆ ಸ್ಟೂಲು. ನೀನು ದಿನಾ ಕೂರೋದು."

"ಅದಕ್ಕೆ ನಾನೇನು ಹಾಕೋದು ಮರೆತಿದ್ದೆ?"

"ಹತ್ತಿ."

"ಅಯ್ಯೋ!" ಅಕ್ಕನಿಗೆ ನಗು ಬಂದೇಬಿಟ್ಟಿತು, ಅರ್ಧಕ್ಕೇ ನಿಂತಿತು. "ಯಾಕೇ ಹೇಳಲಿಲ್ಲ?"

"ಹೇಳಿದ್ರೆ ನೀನು ಸುತ್ತಿಗೆ ಕೆಳಗಿಡ್ತಿದ್ದೆ."

"ಮತ್ತೆ ಬರೆದೆ ಯಾಕೆ?"

"ಬರೀದೆ ಹೇಗೆ ಮುಚ್ಚಲಿ ಅಕ್ಕ? ಇದನ್ನ ಬಿಚ್ಚೋ ಹೊತ್ತಿಗೆ ನಾವಿಬ್ರೂ ಇರಲ್ಲ ಅನ್ಕೊಂಡಿದ್ದೆ."

ಅಕ್ಕ ಸುತ್ತಿಗೆಯನ್ನು ಮೇಜಿನ ಮೇಲಿಟ್ಟಳು. ಆಣೆ ಆಣೆಯೇ. ಕೈಗಳು ಮಾತ್ರ ಎಲ್ಲಿರಬೇಕೆಂದು ತಿಳಿಯದೆ ಸೆರಗನ್ನು ಹಿಡಿದು ಬಿಟ್ಟು ಮಾಡಿದವು. ಅಷ್ಟು ಭಯ ಅವಳಿಗೆ ಯಾವತ್ತೂ ಆಗಿರಲಿಲ್ಲ.

ತಂಗಿ ಸುತ್ತಿಗೆ ತೆಗೆದು ಅವಳ ಕೈಗೇ ತುರುಕಿದಳು. "ಆಣೆ ಮಾಡಿದ್ದು ನೀನು, ನಾನಲ್ಲ. ನೀನು ಹೊಡಿ. ಇನ್ಮೇಲೆ ಮುಚ್ಚೋ ಮೊದಲು ನಾನೊಂದ್ಸಲ ನೋಡ್ತೀನಿ, ಅಷ್ಟೇ. ಕದ್ದು ಅಲ್ಲ, ನಿನ್ನ ಕಣ್ಣೆದುರಿಗೇ."

ಅಕ್ಕ ಸುತ್ತಿಗೆಯನ್ನು ಒಮ್ಮೆ ನೋಡಿದಳು. ಆಮೇಲೆ ಕಿವಿಯ ಹಿಂದಿನ ಪೆನ್ಸಿಲ್ ತೆಗೆದು ಕೊಟ್ಟಳು.

"ಇವತ್ತಿಂದ ನೀನು ಬರಿ. ನಾನು ಹೇಳ್ತೀನಿ. 'ಅಕ್ಕನಿಗೆ ಗೊತ್ತಾಯ್ತು. ಬೈಯಲಿಲ್ಲ.'"

ತಂಗಿ ಕಣ್ಣೊರೆಸಿಕೊಂಡು ಬರೆದಳು.

"ಅಳಬೇಡ್ವೇ, ಮರದ ಮೇಲೆ ಕಲೆ ಬೀಳುತ್ತೆ. ತಾರೀಕು ಹಾಕಿದ್ಯಾ?"

"ಹಾಕಿದೆ ಅಕ್ಕ."

ಹೊಸ ಬಟ್ಟೆ ಅಳೆದು, ಕತ್ತರಿಸಿ, ಅಂಚು ಹೊಲಿಯುವಷ್ಟರಲ್ಲಿ ಮಧ್ಯಾಹ್ನವಾಯಿತು. ತಂಗಿ ಒಳಗೆಲ್ಲ ಒಮ್ಮೆ ಕೈಯಾಡಿಸಿ ನೋಡಿ ತಲೆಯಾಡಿಸಿದಳು. ಅಕ್ಕ ಬಾಯಿ ತುಂಬ ಮೊಳೆ ಹಾಕಿಕೊಂಡು ಬಟ್ಟೆ ಎಳೆದು ಹಿಡಿದಳು. ಮೊದಲ ಏಟಿಗೆ ಎತ್ತಿದ ಸುತ್ತಿಗೆ ಗಾಳಿಯಲ್ಲೇ ನಿಂತಿತು.

"ತಾರೀಕು ಹಾಕಿದ್ಯಾ?"

"ಹಾಕಿದೆ ಅಕ್ಕ" ಎಂದಳು ತಂಗಿ, ಮೊದಲ ಸಲ ಕೇಳಿಸಿಕೊಂಡವಳಂತೆ ಸಮಾಧಾನದಿಂದ.