ಅರ್ಥವಾಗದವರ ಮುಂದೆ ಆಡಿದ ಮಾತು

ಇವತ್ತು ಸಂಜೆ ಮೆಟ್ರೋದಲ್ಲಿ ನನ್ನ ಪಕ್ಕ ಕೂತಿದ್ದ ಹೆಂಗಸಿನ ಬಟ್ಟೆಚೀಲದಿಂದ ಒಣಶುಂಠಿಯ ವಾಸನೆ ಬಂತು. ಇನ್ನೊಂದು ಪಕ್ಕದಲ್ಲಿ ನಮ್ಮವರು ಮೊಬೈಲಿನಲ್ಲಿ ಕ್ರಿಕೆಟ್ ಸ್ಕೋರು ನೋಡುತ್ತಿದ್ದರು. ತಿರುವನಂತಪುರದ ಆಸ್ಪತ್ರೆಗೆ ಹೋಗಿ, ರೈಲಿನಲ್ಲಿ ಕೊಚ್ಚಿಗೆ ಬಂದು, ಮನೆಗೆ ಹೊರಟಿದ್ದೆವು. ನಮ್ಮ ತ್ರಿಪ್ಪುಣಿತ್ತುರ ಈ ಮೆಟ್ರೋದ ಕೊನೆಯ ನಿಲ್ದಾಣ. ಇಳಿಯುವುದು ತಪ್ಪಿಹೋದೀತು ಎಂಬ ಚಿಂತೆ ನನ್ನಂಥವಳಿಗೂ ಇಲ್ಲದ ವಾಹನ ಇದೊಂದೇ.

ನನ್ನ ಚಿಂತೆಯ ವಿಷಯ ನಿಮಗೆ ಮೊದಲೇ ಹೇಳಿಬಿಡುವುದು ಒಳ್ಳೆಯದು. ಮೈಸೂರಿನಿಂದ ವರ್ಗವಾಗಿ ಬಂದು ಕೊಚ್ಚಿಯ ಪಾಲಾರಿವಟ್ಟಂನ ಬ್ಯಾಂಕಿನಲ್ಲಿ ಕೂತ ಕಾಲದಿಂದ, ಸಂಜೆ ಸ್ಟ್ರಾಂಗ್ ರೂಮಿಗೆ ಬೀಗ ಹಾಕಿ, ಬಸ್ ಸ್ಟಾಪಿನ ತನಕ ಹೋಗಿ, ಮತ್ತೆ ಹಿಂದಿರುಗಿ ಬೀಗ ಎಳೆದು ನೋಡುತ್ತಿದ್ದವಳು ನಾನು. ಮಗಳು ಫೋನ್ ಎತ್ತದಿದ್ದರೆ ನನ್ನ ಕಿವಿಗೆ ಮಾತ್ರ ಆಂಬುಲೆನ್ಸಿನ ಸದ್ದು ಕೇಳುತ್ತದೆ. ಇಷ್ಟೆಲ್ಲ ಚಿಂತಿಸಿದವಳು, ನಿಜವಾಗಿ ಬಂದದ್ದರ ಬಗ್ಗೆ ಒಂದು ದಿನವೂ ಯೋಚಿಸಿರಲಿಲ್ಲ. ನನ್ನ ಚಿಂತೆಗಳ ಯೋಗ್ಯತೆ ಅಷ್ಟು. ಸ್ತನದಲ್ಲಿ ಗಂಟು ಇರುವುದು ಗೊತ್ತಾಗುವ ಹೊತ್ತಿಗೆ ಕ್ಯಾನ್ಸರ್ ಬೆನ್ನುಮೂಳೆಗೂ ಹೋಗಿತ್ತು. ಪೂರ್ತಿ ವಾಸಿಯಾಗುವುದಿಲ್ಲ, ಔಷಧಿ ಹಿಡಿದಷ್ಟು ಕಾಲ ತಡೆದಿಡಬಹುದು ಎಂದರು ಡಾಕ್ಟರು.

ಕಷ್ಟವೆಂದರೆ, ಮನೆಯಲ್ಲಿ ಇದನ್ನು ಆಡಲು ಹೋದರೆ ಇದೂ ನನ್ನ ಹಳೆಯ ಚಿಂತೆಗಳ ಸಾಲಿಗೇ ಸೇರಿಹೋಯಿತು.

"ಹೆದರಿಕೆಯಾಗುತ್ತೆ ಕಣ್ರೀ" ಎಂದರೆ ನಮ್ಮವರು, "ಶುರುವಾಯ್ತಾ ನಿಂದು? ಏನೂ ಆಗಲ್ಲ, ಸುಮ್ನಿರು" ಎನ್ನುವರು. ಮೈಸೂರಿನಿಂದ ತಂಗಿ ಫೋನ್ ಮಾಡಿ, "ಪಾಸಿಟಿವ್ ಆಗಿರಕ್ಕಾ. ನೀನು ಗ್ಯಾಸ್ ಆಫ್ ಮಾಡಿ ಬಂದ್ಮೇಲೂ ಹೆದರೋಳು" ಎಂದು ನಗುವಳು. ಕನ್ನಡ ಕೇಳಿಸಿಕೊಂಡು ಮಲಯಾಳದಲ್ಲಿ ಉತ್ತರ ಕೊಡುವ ಮಗಳು, "ಒನ್ನುಮಿಲ್ಲ ಅಮ್ಮಾ" ಎನ್ನುವಳು. ಅದರರ್ಥವೂ ಏನೂ ಇಲ್ಲ ಎಂದೇ.

ಹೋದ ವರ್ಷ ಆಸ್ಪತ್ರೆಯವರು ರೋಗಿಗಳ ಒಂದು ಸಭೆ ಇಟ್ಟಿದ್ದರು. ಧೈರ್ಯ ಬರಲಿ ಎಂದು ನಾನೂ ಹೋದೆ. ಚಿಕಿತ್ಸೆ ಮುಗಿಸಿದವರು ಮೈಕು ಹಿಡಿದು ತಾವು ಗೆದ್ದದ್ದನ್ನು ಹೇಳಿದರು. ಚಪ್ಪಾಳೆ ಬಿತ್ತು. ಪಕ್ಕದವರು, "ನಿಮ್ಮದು ಯಾವಾಗ ಮುಗಿಯುತ್ತೆ?" ಎಂದು ಕೇಳಿದರು. ಮುಗಿಯುವುದಿಲ್ಲ ಎಂದೆ. ಅವರ ಕೈಯ ಬಿಸ್ಕತ್ತು ಬಾಯಿಯ ಹತ್ತಿರವೇ ನಿಂತುಬಿಟ್ಟಿತು. ಪಾಸಾದವರ ಪಾರ್ಟಿಗೆ ಫೇಲಾದವಳು ಬಂದು ಕೂತಂತಾಯಿತು. ಆಗ ಹಿಂದಿನ ಸಾಲಿನಿಂದ ಒಬ್ಬರು ಎದ್ದು ಬಂದು ನನ್ನ ತೋಳು ಹಿಡಿದರು. ಹೆಸರು ಸೌದಾಮಿನಿ. ನನಗಿಂತ ದೊಡ್ಡವರು, ಹಾಗಾಗಿ ಚೇಚಿ, ಅಂದರೆ ಅಕ್ಕ. ಅವರದೂ ಮುಗಿಯದ ಚಿಕಿತ್ಸೆಯೇ.

"ಬಾ ಮೋಳೇ. ನಮ್ಮ ಕ್ಲಾಸು ಬೇರೆ ಕಡೆ ನಡೆಯುತ್ತೆ" ಎಂದರು. ಮೋಳೇ ಎಂದರೆ ಮಗಳೇ.

ಅವರ ಮನೆ ತಿರುವನಂತಪುರದಲ್ಲೇ, ಚಾಲೈ ಪೇಟೆಯ ಹಿಂದೆ. ಕೆಳಗೆ ಶುಂಠಿ, ಮೆಣಸಿನ ಮಂಡಿ. ಮೇಲಿನ ಕೋಣೆಯಲ್ಲಿ ನಮ್ಮಂಥ ನಾಲ್ಕೈದು ಹೆಂಗಸರು ಮತ್ತು ಒಣಶುಂಠಿ ಹಾಕಿದ ಚುಕ್ಕು ಕಾಪಿ. ಆ ಕೋಣೆಯ ಕಾಯಿದೆ ಒಂದೇ: ಯಾರಾದರೂ ಗೋಳು ಹೇಳಿಕೊಳ್ಳುವಾಗ "ಎಲ್ಲ ಸರಿಹೋಗುತ್ತೆ" ಎಂದವರು ಅಷ್ಟೂ ಲೋಟ ತೊಳೆಯಬೇಕು. ನಾನು ಹೋಗಿ ಕೂತ ಸ್ವಲ್ಪ ಹೊತ್ತಿಗೇ ಒಬ್ಬಾಕೆ ಅತ್ತಳು. ಅಭ್ಯಾಸಬಲದಿಂದ ಆ ಮಾತು ನನ್ನ ಬಾಯಿಂದಲೇ ಬಂತು. ಲೋಟ ತೊಳೆದೆ.

ಆಮೇಲೆ ನನ್ನ ಸರದಿ. ನನ್ನ ಮಲಯಾಳ ಬ್ಯಾಂಕಿನ ಕೌಂಟರಿನಲ್ಲಿ ಕಲಿತದ್ದು. ಇಲ್ಲಿ ಸಹಿ ಹಾಕಿ, ಆಧಾರ್ ತನ್ನಿ, ನಾಳೆ ಬನ್ನಿ. ಇಷ್ಟು ಬಂಡವಾಳದಲ್ಲಿ ಸಾವಿನ ಭಯ ಹೇಳಲು ಹೊರಟರೆ ಹೇಗಿರುತ್ತದೆ? ಗ್ರಾಹಕರಿಗೆ ಹೇಳುವಷ್ಟೇ ವಿನಯದಿಂದ, ನನ್ನ ಬೆನ್ನುಮೂಳೆಯ ಕೆಲಸ ಪೆಂಡಿಂಗ್ ಇದೆ ಎಂಬ ಧಾಟಿಯಲ್ಲಿ ಏನೋ ಅಂದೆ. ಎಲ್ಲರೂ ಗೊಳ್ಳೆಂದು ನಕ್ಕರು.

"ನಿನ್ನ ಭಾಷೆಯಲ್ಲೇ ಹೇಳು ಮೋಳೇ" ಎಂದರು ಚೇಚಿ. "ನಮಗೆ ತಿಳಿಯಲೇಬೇಕು ಅಂತ ಏನು ಕಾನೂನು?"

ಕನ್ನಡದಲ್ಲಿ ಶುರುಮಾಡಿದೆ. ಸೊಂಟ ನೊಂದರೆ ಅದು ವಯಸ್ಸಿನದೋ ಕ್ಯಾನ್ಸರಿನದೋ ತಿಳಿಯದೆ ಒದ್ದಾಡುವುದನ್ನು ಹೇಳಿದೆ. ಬಚ್ಚಲಿಗೂ ಇನ್ನೊಬ್ಬರು ಎತ್ತಿಕೊಂಡು ಹೋಗುವ ದಿನ ಬಂದರೆ ಎಂದೆ. ನಾನು ಹೋದಮೇಲೆ ಅಪ್ಪ ಮಗಳು ಯಾವ ಭಾಷೆಯಲ್ಲಿ ಜಗಳವಾಡುತ್ತಾರೆ ಎಂದೂ ಕೇಳಿದೆ. ಒಂದು ವಾಕ್ಯ ಮುಗಿಸಲು ಬಿಡದ ಗಂಡನನ್ನು ಬೈದೆ. ಯಾರೂ ನಡುವೆ ಬಾಯಿ ಹಾಕಲಿಲ್ಲ. ಎಲ್ಲಿ ಹಾಕಬೇಕು ಎಂಬುದು ಅವರಿಗೆ ತಿಳಿದರೆ ತಾನೆ? ಯಾರದೋ ಕೈ ನನ್ನ ಬೆನ್ನ ಮೇಲಿತ್ತು. ಕಾಯಿಲೆ ಬಂದ ಮೇಲೆ ಮೊದಲ ಸಲ ನನ್ನ ಮಾತು ಕೊನೆಯ ತನಕ ಹೋಗಿ ಮುಟ್ಟಿತು.

ಇಳಿಯುವಾಗ ಮೆಟ್ಟಿಲ ಮೇಲೆ ಚೇಚಿ ಕೇಳಿದರು. "ಮಧ್ಯೆ ಬೈದದ್ದು ಗಂಡನನ್ನಲ್ಲವೇ?"

"ಹೇಗೆ ಗೊತ್ತಾಯಿತು?"

"ನನ್ನವನು ಇದ್ದಾಗ ನಾನೂ ಹಾಗೇ ಮೂಗು ಸೇದಿ ಸೇದಿ ಬೈಯುತ್ತಿದ್ದೆ. ಅದಿರಲಿ, ಅವನಿಗೆ ನಿನ್ನ ಭಾಷೆ ಬರುತ್ತಲ್ಲ? ಮತ್ತೆ ನಮಗೆ ಯಾಕೆ ಹೇಳಿದೆ?"

ರೈಲಿಗೆ ಹೊತ್ತಾಯಿತು ಎಂದು ಬೇಗ ಬೇಗ ಮೆಟ್ಟಿಲಿಳಿದೆ. ಆಮೇಲೆಷ್ಟೋ ಸಲ ಆ ಕೋಣೆಗೆ ಹೋಗಿ ಕನ್ನಡದಲ್ಲಿ ಗೋಳಾಡಿ ಬಂದಿದ್ದೇನೆ, ಮನೆಯಲ್ಲಿ ಮಾತ್ರ ಬಾಯಿ ಬಿಟ್ಟಿರಲಿಲ್ಲ.

ಇವತ್ತು ಸಂಜೆ ಮೆಟ್ರೋ ಡಬ್ಬಿಯ ತುಂಬ ಜನ. ಕನ್ನಡ ಬರುವವರು ನಾವಿಬ್ಬರೇ ಇದ್ದಂತಿತ್ತು.

"ರೀ, ಫೋನ್ ಒಳಗಿಡಿ."

"ಇರೇ, ಲಾಸ್ಟ್ ಓವರು."

"ನಾನೀಗ ಸ್ವಲ್ಪ ಮಾತಾಡ್ಬೇಕು. ನೀವು ಸಮಾಧಾನ ಹೇಳೋದು ಬೇಡ. ಕನ್ನಡ ಬರದೇ ಇರೋರ ಥರ ಕೇಳಿಸ್ಕೊಳ್ಳಿ, ಸಾಕು."

ಅವರು ನನ್ನ ಮುಖ ನೋಡಿದರು. ಫೋನು ಜೇಬಿಗೆ ಹೋಯಿತು. ನಾನು ಎಲ್ಲವನ್ನೂ ಹೇಳಿದೆ, ಬಚ್ಚಲಿನದನ್ನೂ. ನಡುನಡುವೆ ಅವರ ಬಾಯಿ ತೆರೆಯಿತು, ಮುಚ್ಚಿತು. ನಿಲ್ದಾಣಗಳು ಬಂದವು, ಹೋದವು.

"ಡಾಕ್ಟ್ರು ಒಳಗೆ ಕರೆದಾಗಲೆಲ್ಲ ನಾನು ಎಳನೀರು ತರ್ತೀನಿ ಅಂತ ಆಚೆ ಹೋಗ್ತೀನಲ್ಲ…" ಎಂದರು ಕೊನೆಗೆ.

"ಹೂಂ."

"ಅವರು ಏನಂತಾರೋ ಕೇಳೋಕೆ ಧೈರ್ಯ ಇಲ್ಲ ಕಣೇ. ಎಳನೀರಿನವನ ಹತ್ರ ಹೋಗಿ ಸುಮ್ನೆ ನಿಂತಿರ್ತೀನಿ. ಒಳಗೆ ನೀನೊಬ್ಳೇ ಕೂತಿರ್ತೀಯ."

ಅವರ ದನಿ ಒಡೆಯಿತು. ಏನೂ ಆಗಲ್ಲ ಬಿಡಿ ಎಂಬ ಮಾತು ನನ್ನ ನಾಲಿಗೆಯ ತುದಿಗೆ ಬಂದು ನಿಂತಿತ್ತು. ಎದುರಿನವರ ಹೆದರಿಕೆ ನೋಡಲಾಗದಿದ್ದಾಗ ಅದು ತಾನಾಗಿಯೇ ಬರುತ್ತದೆ ಎಂದು ಆಗ ತಿಳಿಯಿತು. ನುಂಗಿಕೊಂಡೆ.

ನಮ್ಮ ಸ್ಟೇಷನ್ ಬಂತು. ಜನ ಎಸ್ಕಲೇಟರಿನ ಕಡೆ ಹೋದರು. ಇವರು ಮಾತ್ರ ಪ್ಲಾಟ್‌ಫಾರಂನ ಸೀಟಿನ ಮೇಲೆ ಕೂತುಬಿಟ್ಟರು. ನಾನೂ ಕೂತೆ.

"ಆಮೇಲೆ? ಹೇಳಿ" ಎಂದೆ.