ಲೋಸಾನಾಳಿಗಾಗಿ ಎರಡನೆಯ ಸುತ್ತು

ಬೆಳಗಿನ ಆರೂಮುಕ್ಕಾಲು. ನಮ್ಮ ದ್ವೀಪದ ರೇವಾ ನದಿಯ ಅಳಿವೆಯಲ್ಲಿ ನೀರು ಇಳಿಯುತ್ತಿದೆ, ಬಿಸಿಲಿನ್ನೂ ಕಾಂಡ್ಲಾ ಗಿಡಗಳ ನೆತ್ತಿ ಮುಟ್ಟಿಲ್ಲ. ಹತ್ತೊಂಬತ್ತು ಮಕ್ಕಳನ್ನು ಆಚೆ ದಡದ ಶಾಲೆಗೆ ಬಿಟ್ಟು ಬಂದ ದೋಣಿಗಾರ್ತಿ ಕೆಲೆರಾ, ಮೋಟಾರು ನಿಲ್ಲಿಸಿ ದೋಣಿಯಲ್ಲೇ ಕೂತಿದ್ದಾರೆ. ಕಟ್ಟೆಯ ಮೇಲೆ ಏಳು ವರ್ಷದ ಲೋಸಾನಾ ಅಜ್ಜಿಯ ಕೈ ಹಿಡಿದು ನಿಂತಿದ್ದಾಳೆ. ಒಂದು ಕಾಲು ದೋಣಿಯೊಳಗೆ ಇಡುತ್ತಾಳೆ, ತೆಗೆಯುತ್ತಾಳೆ. ಕೆಲೆರಾ ‘ಬಾ’ ಅನ್ನುವುದಿಲ್ಲ, ಅವಳ ಮುಖ ನೋಡುವುದೂ ಇಲ್ಲ. ನೀರೇ ಇಲ್ಲದ ದೋಣಿಯ ತಳವನ್ನು ಡಬ್ಬಿಯಿಂದ ಸುಮ್ಮನೆ ಕೆರೆಯುತ್ತಾರೆ.

“ಪೇಪರಿಗೆ ಬರಿಯೋದಾದ್ರೆ ಮೊದಲು ಇದನ್ನ ಬರ್ಕೊಳ್ಳಿ,” ಅನ್ನುತ್ತಾರೆ, ಊರಿನ ಸುದ್ದಿ ಬರೆಯುವ ಅದೇ ಊರಿನ ನನಗೆ. “ಈ ಮಗುಗೆ ಸ್ಕೂಲಂದ್ರೆ ಹೆದರಿಕೆ ಹುಟ್ಸಿದ್ದು ನಾನು.”

ಕೆಲೆರಾಗೆ ಐವತ್ತೆರಡು. ಸಕ್ಕರೆ ಕಾಯಿಲೆಯಲ್ಲಿ ಗಂಡನ ಕಾಲು ಹೋದ ಮೇಲೆ, ಹದಿನಾಲ್ಕು ವರ್ಷದಿಂದ ಅವರೇ ದೋಣಿ ನಡೆಸುತ್ತಾರೆ. ಹೋಗೋಕೆ ಇಪ್ಪತ್ತು ನಿಮಿಷ, ಬರೋಕೆ ಇಪ್ಪತ್ತು. ಮೋಟಾರು ಕೈಕೊಟ್ಟರೆ ಹುಟ್ಟು ಹಾಕುತ್ತಾರೆ, ಮಳೆ ಬಂದರೆ ಟಾರ್ಪಾಲು ಮಕ್ಕಳಿಗೆ, ನೆನೆಯೋದು ತಮಗೆ. ಇಷ್ಟು ವರ್ಷದಲ್ಲಿ ಒಂದು ಮಗುವಿನ ಚಪ್ಪಲಿಯೂ ನೀರು ಪಾಲಾಗಿಲ್ಲ.

ಈ ವರ್ಷ ಲೋಸಾನಾ ಹೊರದ್ವೀಪದಿಂದ ಅಜ್ಜಿ ಉನಾಯಿಸಿಯ ಮನೆಗೆ ಬಂದಳು. ಆ ದ್ವೀಪದವರಿಗೂ ನಮಗೂ ಮೂಲದೇವರು ಒಂದೇ, ನಾವು ಪರಸ್ಪರ ‘ತೌವು’. ಎದುರಾದರೆ ಒಬ್ಬರನ್ನೊಬ್ಬರು ಬೈದು ನಗಿಸುವುದು ನಮ್ಮ ಹಕ್ಕು. ಸಿಟ್ಟು ಮಾಡಿಕೊಳ್ಳುವಂತಿಲ್ಲ. ಮೊದಲ ದಿನವೇ ಕೆಲೆರಾ, “ಬಂದ್ಲಪ್ಪ ಮೀನಿನ ತಲೆ ಕದಿಯೋರ ಮನೆ ಹುಡುಗಿ, ಎಲ್ಲಾ ಬುತ್ತಿ ಮುಚ್ಕೊಳ್ರಪ್ಪ,” ಎಂದರು. ದೋಣಿಯೇ ಅಲ್ಲಾಡುವಷ್ಟು ನಗು. ಕಟ್ಟೆಯ ಮೇಲಿದ್ದ ನಾವೂ ನಕ್ಕೆವು. ದಿನಾ ಅದೇ ಮಾತು, ದಿನಾ ಅದೇ ನಗು.

ಮಾತು ದೋಣಿಯಲ್ಲೇ ಉಳಿಯಲಿಲ್ಲ, ಮಕ್ಕಳ ಜೊತೆ ಶಾಲೆಗೂ ಹೋಯಿತು. ತೌವು ಗಿವು ಗೊತ್ತಿಲ್ಲದ ಬೇರೆ ಊರಿನ ಮಕ್ಕಳು ಅದನ್ನು ನಿಜ ಅಂದುಕೊಂಡರು. ತರಗತಿಯಲ್ಲಿ ಯಾರದೋ ಬಣ್ಣದ ಪೆನ್ಸಿಲು ಕಳೆದಾಗ ಎಲ್ಲರೂ ಸೇರಿ ಲೋಸಾನಾಳ ಚೀಲ ಸುರಿದರು. ಪೆನ್ಸಿಲು ಸಿಗಲಿಲ್ಲ. ಬೇಯಿಸಿದ ಮರಗೆಣಸಿನ ಎರಡು ತುಂಡು ನೆಲಕ್ಕೆ ಬಿದ್ದವು. ಮರುದಿನದಿಂದ ಹುಡುಗಿಗೆ ಹೊಟ್ಟೆನೋವು, ವಾಂತಿ. ನರ್ಸಮ್ಮ ನೋಡಿ, ಏನೂ ಕಾಯಿಲೆಯಿಲ್ಲ, ಭಾನುವಾರ ಯಾಕೆ ನೋಯಲ್ಲ ಕೇಳಿ ಎಂದರಂತೆ. ನಾಟಕ ಎಂದುಕೊಂಡ ಕೆಲೆರಾ ಒಂದು ದಿನ ಅವಳನ್ನು ಎತ್ತಿಕೊಂಡೇ ದೋಣಿಗೆ ಹಾಕಿದರು.

“ನನ್ನ ತೋಳಿಗೆ ಉಗುರು ಊರಿದ್ಲು. ಆಗ್ಲೂ ನಾನು ತಮಾಷೆ ಮಾಡ್ತಾನೇ ಇದ್ದೆ,” ಎಂದು ಮತ್ತೆ ದೋಣಿಯ ತಳ ಕೆರೆಯುತ್ತಾರೆ.

ಪೆನ್ಸಿಲಿನ ವಿಷಯ ತಿಳಿದ ದಿನ ಅವರು ಊಟ ಮಾಡಲಿಲ್ಲ. ನಮ್ಮಲ್ಲಿ ತಪ್ಪಿಗೆ, ಅರೆದು ಕುಡಿಯುವ ಯಂಗೋನಾ ಬೇರಿನ ಕಟ್ಟು ಮುಂದಿಟ್ಟು ಕ್ಷಮೆ ಬೇಡುತ್ತೇವೆ, ಮನೆಯ ಹಿರಿಯರು ಅದನ್ನು ಮುಟ್ಟಿದರೆ ಮುಗಿಯಿತು. ಕೆಲೆರಾ ಮನೆಗೆ ಕಟ್ಟು ತಂದಿಟ್ಟಾಗ ಉನಾಯಿಸಿ ಅಜ್ಜಿ ಕೈ ಚಾಚಿದರು. ಕೆಲೆರಾ ತಡೆದರು. “ತಪ್ಪಾಗಿದ್ದು ನಿಮಗಲ್ಲ ಅಜ್ಜಿ. ಅವಳು ಮುಟ್ಲಿ.” ದೊಡ್ಡವರು ಮಗುವಿಗೆ ತಲೆ ಬಾಗುವುದುಂಟೆ ಎಂದು ಊರು ಗೊಣಗಿತು. ಲೋಸಾನಾ ಮುಟ್ಟಲಿಲ್ಲ, ಚಾಪೆಯ ಹಿಂದೆ ಅಡಗಿದಳು. ಕಟ್ಟು ಬಾಗಿಲ ಪಕ್ಕದಲ್ಲೇ ಉಳಿಯಿತು.

ಅಂದಿನಿಂದ ಅವಳೊಬ್ಬಳಿಗಾಗಿ ಈ ಎರಡನೆಯ ಸುತ್ತು. ಮೊದಲ ವಾರ, ಕಟ್ಟಿದ ದೋಣಿಯಲ್ಲಿ ಸುಮ್ಮನೆ ಕೂರುವುದು. ಆಮೇಲೆ ಆಚೆ ದಡ ಮುಟ್ಟಿ ವಾಪಸು. ಆಮೇಲೆ ಶಾಲೆಯ ಮಾವಿನ ಮರದವರೆಗೆ. ಕೆಲೆರಾ ಟೀಚರನ್ನು ಕಂಡು, ಬೇರೆ ಊರಿನ ಮಕ್ಕಳ ಮುಂದೆ ನಿಂತು, ಕಳ್ಳಿ ಅನ್ನೋ ಮಾತು ಸುಳ್ಳು, ಅದನ್ನು ಹುಟ್ಟಿಸಿದವಳು ನಾನು ಎಂದು ಹೇಳಿಬಂದಿದ್ದಾರೆ.

ಇವತ್ತು ಹದಿನಾರನೆಯ ದಿನ, ತರಗತಿಯೊಳಗೆ ಹೋಗಬೇಕಾದ ದಿನ. ಕೊನೆಗೆ ಎರಡನೆಯ ಕಾಲೂ ದೋಣಿಯೊಳಗೆ ಬರುತ್ತದೆ. ಶಾಲೆಯಲ್ಲಿ ಟೀಚರ್ ಬಾಗಿಲ ಪಕ್ಕದ ಜಾಗ ಖಾಲಿ ಬಿಟ್ಟಿದ್ದಾರೆ. ಕೆಲೆರಾ ಏಡಿ ಹಿಡಿಯುವ ಹೊತ್ತನ್ನು ಬಿಟ್ಟು, ಅಲ್ಲಿಂದ ಕಾಣುವಂತೆ ಮರದಡಿ ಕೇದಗೆ ಎಲೆಯ ಚಾಪೆ ಹೆಣೆಯುತ್ತಾ ಕೂರುತ್ತಾರೆ. ಹುಡುಗಿ ಮೂರು ಸಲ ಇಣುಕುತ್ತಾಳೆ. ಬಿಡುವಿನ ಗಂಟೆ ಹೊಡೆದಾಗ ಮರದ ಕಡೆ ಓಡಿ ಬರುವುದಿಲ್ಲ. ನಲ್ಲಿಯ ಸಾಲಿನಲ್ಲಿ ನಿಂತು ನೀರು ಕುಡಿದು ಒಳಗೆ ಹೋಗುತ್ತಾಳೆ.

ಕೆಲೆರಾ ತಲೆ ಎತ್ತದೆ ಹೆಣೆಯುತ್ತಲೇ ಇದ್ದಾರೆ. ಬೇರಿನ ಕಟ್ಟಿಗೆ ಜೇಡ ಬಲೆ ಕಟ್ಟಿದೆಯಂತೆ, ಇರಲಿ ಅನ್ನುತ್ತಾರೆ.

“ಇದಕ್ಕೆ ನನ್ನ ಹೊಗಳ್ಬೇಡಿ. ಅವಳು ಮುಟ್ಟದೇ ಇದ್ರೂ ಪರವಾಗಿಲ್ಲ. ಅವಳೂ ನನ್ನ ತೌವು ಅಲ್ವಾ? ಒಂದಿನ ದೋಣಿ ತುಂಬಾ ಮಕ್ಕಳಿರೋವಾಗ ನನಗೆ ತಿರುಗಿಸಿ ಬೈಬೇಕು ಅವಳು. ಅವತ್ತು ನಾನು ಬಾಯಿ ಮುಚ್ಕೊಂಡು ದೋಣಿ ನಡೆಸ್ತೀನಿ.”