ಬಾನೆಟ್ಟಿನ ಎಡಗಡೆಯ ಸ್ವಸ್ತಿಕ

ರಾಜಮತಿಯ ಎಡಗಾಲು ಇವತ್ತಿಗೂ ಮಡಚುವುದಿಲ್ಲ. ಅದು ಅವಳ ಗಂಡನ ತಪ್ಪೆಂದು ಖಾನಾಪುರದಲ್ಲಿ ಎಲ್ಲರೂ ತಿಳಿದಿದ್ದಾರೆ. ಅವನೂ ಹಾಗೇ ತಿಳಿದಿದ್ದಾನೆ. ತಪ್ಪು ನನ್ನದು. ಇದನ್ನು ಮೊದಲೇ ಬರೆದುಬಿಡುತ್ತೇನೆ — ಸುತ್ತಿ ಬಳಸಿ ಹೋದರೆ ಎಲ್ಲೋ ಒಂದು ಕಡೆ ಜಾರಿಕೊಳ್ಳುತ್ತೇನೆ, ನನ್ನ ಗುಣ ನನಗೆ ಗೊತ್ತು.

ಸುದ್ದಿ ಬಂದಾಗ ನಾನು ನೀರು ಸೋಸುತ್ತಿದ್ದೆ. ನಾವು ಜೈನರು, ಬಾವಿಯ ನೀರನ್ನು ಎರಡು ಪದರದ ಬಟ್ಟೆಯಲ್ಲಿ ಸೋಸದೆ ಬಾಯಿಗೆ ಹಾಕುವವರಲ್ಲ. ಕೊಡ ಅರ್ಧ ತುಂಬಿತ್ತು. ಫೋನಿನಲ್ಲಿ ರಾಜಮತಿಯ ಮಗಳು.

"ದೊಡ್ಡವ್ವಾ, ಗಾಡಿ ಪಲ್ಟಿ ಆಗೇತಿ. ಅವ್ವನ ಕಾಲು..."

"ಯಾವ ಕಾಲು?" ಅಂದೆ.

ಮೊದಲು ನನ್ನ ಬಾಯಿಂದ ಬಂದದ್ದು ಅದೇ. ಜೀವಕ್ಕೇನೂ ಇಲ್ಲವಲ್ಲ ಎಂದು ಕೇಳಲಿಲ್ಲ, ನಿನ್ನಪ್ಪ ಹೇಗಿದ್ದಾನೆ ಎಂದು ಕೇಳಲಿಲ್ಲ. ಯಾವ ಕಾಲು? ಆ ಹುಡುಗಿ ಅಳುತ್ತ "ಎಡಗಾಲು" ಅಂದಳು. ನನಗೆ ಅದು ಗೊತ್ತೇ ಇತ್ತು. ಎರಡು ವರ್ಷದಿಂದ ಗೊತ್ತಿತ್ತು.

ರಾಜಮತಿ ನನ್ನ ಚಿಕ್ಕಪ್ಪನ ಮಗಳು. ಪಾರಿಶ್ವಾಡದ ಒಂದೇ ಮನೆಯಲ್ಲಿ ಬೆಳೆದವರು ನಾವು, ಒಂದೇ ತಾಟಿನಲ್ಲಿ ಉಂಡವರು. ಅವಳನ್ನು ಖಾನಾಪುರಕ್ಕೆ ಕೊಟ್ಟರು. ಗಂಡ ಅಪ್ಪಾಸಾಹೇಬನದು ಅಲ್ಲಿ ಕಿರಾಣಿ ಅಂಗಡಿ. ನನ್ನನ್ನು ಬೆಳಗಾವಿಗೆ, ಶಿವಬಸವ ನಗರಕ್ಕೆ. ನಮ್ಮ ಮನೆಯವರು ಫೌಂಡ್ರಿಯಲ್ಲಿ ಇದ್ದವರು. ಕಬ್ಬಿಣ ಎಲ್ಲಿ ಬಿರಿಯುತ್ತದೆ, ಎಲ್ಲಿ ತಡೆಯುತ್ತದೆ ಎಂದು ಅವರಿಗೆ ಚೆನ್ನಾಗಿ ಗೊತ್ತು — ಅದನ್ನೂ ಬರೆಯಬೇಕು, ಬರೆದೆ.

ನಮ್ಮದೊಂದು ಕಡುನೀಲಿ ಕಾರು ಇತ್ತು. ಹಲಸಿಯಿಂದ ಬರುವಾಗ ಒಂದು ಸಂಜೆ ರಸ್ತೆಯ ಕಿರುಸೇತುವೆಯ ಕಟ್ಟೆಗೆ ಎಡಗಡೆಯ ಮೂತಿ ಬಡಿಯಿತು. ನಮಗೆ ಗೀರೂ ಆಗಲಿಲ್ಲ; ಜಿನೇಶ್ವರನ ಕೃಪೆ ಎಂದು ಮರುದಿನ ಬಸದಿಗೆ ಹೋಗಿ ಕಾಯಿ ಇಟ್ಟು ಬಂದೆ. ಗ್ಯಾರೇಜಿನ ಮಿಸ್ತ್ರಿ ಮಾತ್ರ ಗಾಡಿಯ ಕೆಳಗಿಂದ ಎದ್ದು ಬಂದು ಕೈ ಒರೆಸಿಕೊಳ್ಳುತ್ತ ಹೇಳಿದ:

"ಎಡಗಾಲಿ ಹಿಡದಿರೂ ಆರ್ಮ್ ಸೀಳೇತ್ರಿ. ಬೆಸುಗಿ ಹಾಕೀನಿ. ಆದ್ರ ಅದನ್ನ ಬದಲಿ ಮಾಡಸ್ರಿ. ಅಲ್ಲೀ ಮಟಾ ಊರಾಗ ಅಷ್ಟ ಓಡಸ್ರಿ."

ಬದಲಿಸಲಿಲ್ಲ. ಹೊಸ ಗಾಡಿ ತಗೊಳ್ಳುವ ವಿಚಾರ ನಡೆದಿತ್ತು, ಹಳೆಯದಕ್ಕೆ ಯಾಕೆ ಎಂದು ಬಿಟ್ಟೆವು. ನೆಗ್ಗಿದ ಜಾಗಕ್ಕೆ ಪುಟ್ಟಿ ತುಂಬಿಸಿ ಬಣ್ಣ ಹೊಡೆಸಿದೆವು. ಮಾರುವ ಸುದ್ದಿ ಕೇಳಿ ರಾಜಮತಿ ಫೋನು ಮಾಡಿದಳು. "ಹೊರಗಿನವರ ಗಾಡಿ ಬ್ಯಾಡಕ್ಕಾ, ಒಳಗ ಏನಿರ್ತೈತೋ ಏನೋ. ನಿಮ್ಮದ ಕೊಡ್ರಿ. ನಿಮ್ಮ ಮನಿದಂದ್ರ ಕಣ್ಣು ಮುಚ್ಚಿ ತಗೋತೀವಿ."

ಕಣ್ಣು ಮುಚ್ಚಿ — ಆ ಮಾತನ್ನು ಅವಳು ನಗುತ್ತ ಹೇಳಿದ್ದಳು.

ಹೊಸದಾಗಿ ಬಳಿದ ಬಣ್ಣ, ಹಳೆಯ ಬಣ್ಣ ಎರಡೂ ಬೇರೆ ಬೇರೆಯಾಗಿ ಕಾಣುತ್ತಿದ್ದವು. ನಮ್ಮವರು ಪಾಲಿಶ್ ಮಾಡುವ ಮಷೀನು ತಂದು, ರಾಜಮತಿ, ಅಪ್ಪಾಸಾಹೇಬ ಬರುವ ಹಿಂದಿನ ದಿನ ಅಂಗಳದಲ್ಲೇ ಕೆಲಸಕ್ಕೆ ನಿಂತರು. ಮೊದಲು ತೊಳೆದೆವು. ಆಮೇಲೆ ಜಿಗುಟಾದ ಒಂದು ಉಂಡೆಯಿಂದ ಗಾಡಿಯ ಮೈಯೆಲ್ಲ ತಿಕ್ಕಬೇಕಿತ್ತು. ಕೈಗೆ ತಾಗದ ಧೂಳನ್ನೂ ಅದು ಎಳೆದುಕೊಳ್ಳುತ್ತದೆ. ನಾದುವುದು ನನಗೆ ಬರುತ್ತದಲ್ಲ, ಕಣಕದ ಹಾಗೆ ಮತ್ತೆ ಮತ್ತೆ ಮಡಚಿ ಕೊಟ್ಟೆ. ಕಿಟಕಿಯ ರಬ್ಬರಿಗೆ, ದೀಪದ ಅಂಚಿಗೆ ಕಾಗದದ ಪಟ್ಟಿ ಅಂಟಿಸಿದರು. ಮಷೀನಿಗೆ ಉಣ್ಣೆಯ ಚಕ್ರ ಹಾಕಿ, ಬೆಣ್ಣೆಯಂಥ ಔಷಧ ಹಚ್ಚಿ, ಒಂದು ಸಲ ಅಡ್ಡಕ್ಕೆ, ಒಂದು ಸಲ ಉದ್ದಕ್ಕೆ ತಿರುಗಿಸುತ್ತ ಹೋದರು. ವಾಯರು ಬಣ್ಣಕ್ಕೆ ತಾಗದಂತೆ ನಾನು ಹೆಗಲ ಮೇಲೆ ಹಾಕಿಕೊಂಡು ಅವರ ಹಿಂದೆ ಹಿಂದೆ ಸುತ್ತುತ್ತಿದ್ದೆ. ಮದುವೆಯಲ್ಲಿ ಗಂಟು ಹಾಕಿಕೊಂಡು ಸುತ್ತಿದ ಮೇಲೆ ಇವತ್ತೇ ಸುತ್ತಿದ್ದು ಎಂದು ಚೇಷ್ಟೆ ಮಾಡಿದೆ. ಅವರೂ ನಕ್ಕರು.

ಎರಡನೆಯ ಸುತ್ತು ಸ್ಪಂಜಿನದು. ಕೊನೆಗೆ ಬಣ್ಣದ ಮೇಲೆ ಹೊದಿಕೆಯ ಹಾಗೆ ಕೂಡುವ ಒಂದು ದ್ರವ — ಮೆತ್ತನೆಯ ಬಟ್ಟೆಗೆ ನಾಲ್ಕು ಹನಿ ಹಾಕಿ, ಒಂದೊಂದು ಗೇಣು ಜಾಗ ಹಚ್ಚುವುದು, ಆರುವ ಮುಂಚೆ ಒರೆಸುವುದು. ಆಮೇಲೆ ಒಂದು ದಿನ ನೀರು ಸೋಕಬಾರದು. ಹಿಂದಿನಿಂದ ಹಚ್ಚುತ್ತ ಬಂದೆವು. ಹಿತ್ತಲ ದಾಸವಾಳ ಗಿಡ ಬಾಗಿಲಿನ ಮೇಲೆ ಕನ್ನಡಿಯಲ್ಲಿ ಕಂಡ ಹಾಗೆ ಕಂಡಿತು. ಖರೇ ಹೇಳುತ್ತೇನೆ, ನನಗೆ ಹೆಮ್ಮೆ ಎನಿಸಿತು.

ಬಾನೆಟ್ಟಿನ ಎಡ ಅಂಚಿನಲ್ಲಿ ಬಣ್ಣ ಇನ್ನೂ ಮಸುಕಾಗಿದೆ ಎಂದು ನಮ್ಮವರು ಮತ್ತೆ ಮಷೀನು ಹಿಡಿದರು. ಮಡಿಕೆ ಇರುವ ಅಂಚಿನ ಮೇಲೆ ಚಕ್ರವನ್ನು ನಿಲ್ಲಿಸಬಾರದು. ಅವರಿಗೆ ಗೊತ್ತಿದ್ದ ಮಾತೇ. ಕೈ ಒಂದು ಕ್ಷಣ ಅಲ್ಲೇ ನಿಂತಿತು. ಸುಟ್ಟ ವಾಸನೆ ಬಂತು. ಎತ್ತಿ ನೋಡಿದರೆ ನೀಲಿ ಹೋಗಿ, ಒಂದು ರೂಪಾಯಿ ನಾಣ್ಯದಷ್ಟು ಜಾಗದಲ್ಲಿ ಬಿಳಿಚಿದ ಪುಟ್ಟಿ ಕಂಡಿತು — ತೊನ್ನಿನ ಹಾಗೆ.

ಅವರು ಮೆಟ್ಟಿಲ ಮೇಲೆ ಕೂತುಬಿಟ್ಟರು. "ಪುಟ್ಟಿ ಕಂಡ್ರ ಅಪ್ಪಾಸಾಹೇಬ ಕೇಳ್ತಾನ, ಯಾತಕ್ಕ ತುಂಬೀರಿ ಅಂತ. ಕೇಳಿದ್ರ ನನಗ ಸುಳ್ಳು ಹೇಳಾಕ ಬರಂಗಿಲ್ಲ. ಎಲ್ಲಾ ಹೇಳಿಬಿಡ್ತೀನಿ."

ಹೇಳಲಿ ಎಂದು ನಾನು ಸುಮ್ಮನಿದ್ದಿದ್ದರೆ —

ಇದ್ದಿದ್ದರೆ ಸಾಕಿತ್ತು. ಹೊಸ ಗಾಡಿ ಬರುವ ದಿನ ಗೊತ್ತಾಗಿತ್ತು. ಮಾರಾಟ ಮುರಿದರೆ ನಾಲ್ಕು ಜನರಲ್ಲಿ ಮಾತಾಗುತ್ತದೆ ಎಂಬುದಷ್ಟೇ ಆಗ ನನ್ನ ತಲೆಯಲ್ಲಿ ಇದ್ದದ್ದು. ಉಪಾಯ ನನ್ನದು. ಅವರು ಕೇಳಲಿಲ್ಲ, ನಾನೇ ಹೇಳಿದೆ. ಮರುದಿನ ಬೆಳಿಗ್ಗೆ ಸ್ನಾನ ಮಾಡಿ, ಮಡಿಯುಟ್ಟು, ಗಂಧ ತೇಯ್ದು, ಕುಂಕುಮ ಕಲಸಿ, ಸರಿಯಾಗಿ ಆ ಜಾಗದ ಮೇಲೆ ದಪ್ಪಗೆ ಒಂದು ಸ್ವಸ್ತಿಕ ಬರೆದೆ. ಗಾಡಿ ಕೊಡುವ ಮುಂಚೆ ಪೂಜೆ ಮಾಡುವುದು ವಾಡಿಕೆ. ಪೂಜೆಯ ಗುರುತನ್ನು ನಮ್ಮವರು ಯಾರೂ ಬೆರಳಿಂದ ಒರೆಸಿ ನೋಡುವುದಿಲ್ಲ. ಅದು ಗೊತ್ತಿದ್ದೇ ಬರೆದೆ. ಬರೆಯುವಾಗ ಬಾಯಲ್ಲಿ ಣಮೋಕಾರ ಮಂತ್ರ ಇತ್ತು.

ರಾಜಮತಿ ಬಂದವಳೇ ಗಾಡಿಯ ಸುತ್ತ ಎರಡು ಸುತ್ತು ಹಾಕಿದಳು. "ಅಯ್ಯ, ಕನ್ನಡಿ ಆಗೇತಲ್ಲ! ಮಾಮಾರು ಇಷ್ಟು ಬಾಂಡೆ ತಿಕ್ಕಿದ್ರ ಅಕ್ಕನ ಕೈಗೆ ಆರಾಮ ಸಿಗ್ತಿತ್ತು ನೋಡ್ರಿ." ಎಲ್ಲರೂ ನಕ್ಕರು. ಆಮೇಲೆ ಬಾನೆಟ್ಟಿನ ಮುಂದೆ ನಿಂತು ಕೇಳಿದಳು:

"ಪದ್ಮಕ್ಕಾ, ಎಲ್ಲಾರೂ ನಡುವ ಬರೀತಾರ. ನೀ ಯಾಕ ಬಾಜೂಕ ಬರದಿ?"

ನಾನು ಹೇಳಿದ ಮಾತು ಇದು. ಒಂದಕ್ಷರ ಬಿಡದೆ ಬರೆಯುತ್ತಿದ್ದೇನೆ.

"ಗಾಡಿ ಹೊಡಿಯಾಂವ ಬಲಕ್ಕ ಕೂಡ್ತಾನ. ಎಡಕ್ಕ ಕೂಡಾಕಿ ನೀನ. ನಿನ್ನ ಬಾಜೂ ದೇವರು ಕಾಯ್ಲಿ ಅಂತ ಅಲ್ಲೇ ಬರದೀನಿ."

ಅವಳ ಕಣ್ಣಲ್ಲಿ ನೀರು ಬಂತು. ಬಗ್ಗಿ ನನ್ನ ಕಾಲು ಮುಟ್ಟಿದಳು.

ಅವಳು ಆ ಸ್ವಸ್ತಿಕವನ್ನು ಬಿಡಲಿಲ್ಲ. ಗಾಡಿ ತೊಳೆದರೆ ಅದರ ಸುತ್ತ ತೊಳೆಯುವಳು. ಹಬ್ಬ ಬಂದರೆ ಅದರ ಮೇಲೆಯೇ ಮತ್ತೆ ಗಂಧ, ಕುಂಕುಮ. ಫೋಟೋ ತೆಗೆದು ನನಗೆ ಕಳಿಸುವಳು. ಪ್ರತಿ ಫೋಟೋದಲ್ಲೂ ಅದು ತುಸು ದಪ್ಪವಾಗಿ, ತುಸು ಕಪ್ಪಾಗಿ ಕಾಣುತ್ತಿತ್ತು. ನಾನು ಎರಡು ಕೈ ಮುಗಿದ ಚಿತ್ರ ಕಳಿಸುತ್ತಿದ್ದೆ.

ಎರಡನೆಯ ಮಳೆಗಾಲ ಮುಗಿದ ಮೇಲೆ ಅವಳೇ ಫೋನು ಮಾಡಿದಳು. "ಅಕ್ಕಾ, ಸ್ವಸ್ತಿಕದ ಕೆಳಗ ಬಣ್ಣ ಗುಳ್ಳಿ ಎದ್ದೈತಿ. ಇವರು ಮಿಸ್ತ್ರಿಗೆ ತೋರಸೂಣು ಅಂತಾರ. ಕೆರೆದು ನೋಡಿ, ಒಳಗೂ ಒಂದ್ಸಲ ಬಿಚ್ಚಿ ನೋಡ್ತಾನಂತ."

ದೇವರು ಇನ್ನೊಂದು ಸಲ ಬಾಗಿಲು ತೆರೆದಿದ್ದ. ಎಷ್ಟು ಸುಲಭವಿತ್ತು — ಹೂಂ, ತೋರಿಸು, ಎಡಗಾಲಿಯನ್ನೂ ನೋಡಿಸು. ನಾಲ್ಕು ಮಾತು.

"ದೇವರ ಗುರುತು. ಕೆರಸಬ್ಯಾಡ," ಅಂದೆ.

"ಆತಕ್ಕಾ," ಅಂದಳು.

ತಿಂಗಳು ತುಂಬಿರಲಿಲ್ಲ. ಪಾರಿಶ್ವಾಡದಿಂದ ಖಾನಾಪುರಕ್ಕೆ ವಾಪಸು ಬರುವಾಗ, ಹಾಡಹಗಲು, ತಿರುವಿನಲ್ಲಿ ಗಾಡಿ ಎಡಕ್ಕೆ ಕುಸಿದು ಚರಂಡಿಗೆ ಹೋಗಿ ಮಗುಚಿತು. ಮಗಳು ಆವತ್ತು ಜೊತೆಗೆ ಇರಲಿಲ್ಲ. ಅಪ್ಪಾಸಾಹೇಬನಿಗೆ ತರಚಿದ ಗಾಯ. ಹೊಲದಲ್ಲಿದ್ದವರು ಓಡಿ ಬಂದರು. ಹೀಗೆ ಒಂದೊಂದೇ ಪುಣ್ಯವನ್ನು ಎಣಿಸುವುದು ನನ್ನ ರೂಢಿ. ಆಸ್ಪತ್ರೆಯ ಬಾಕಿನ ಮೇಲೆ ಕೂತು ಎಲ್ಲರಿಗೂ ಎಣಿಸಿ ಹೇಳಿದೆ. ಜನ ಸಮಾಧಾನಪಟ್ಟರು. ಎಣಿಸದೆ ಬಿಟ್ಟದ್ದು ಒಂದೇ.

ಮೂರನೆಯ ದಿನ ನಮ್ಮವರ ಜೊತೆ ಗಾಡಿ ನೋಡಲು ಹೋದೆ. ಗಾಲಿ ಕಳಚಿ ಬಿದ್ದಿತ್ತು. ಮುರಿದ ಆರ್ಮು ಬಾಯಿ ಮೇಲೆ ಮಾಡಿ ಬಿದ್ದಿತ್ತು. ಅರ್ಧ ಭಾಗ ಬೆಳ್ಳಿಯ ಹಾಗೆ ಹೊಳೆಯುತ್ತಿತ್ತು, ಅದು ಅಂದೇ ಮುರಿದದ್ದು. ಉಳಿದರ್ಧ ತುಕ್ಕು ಹಿಡಿದು ಕೆಂಪಾಗಿತ್ತು — ಅದು ಯಾವಾಗಲೋ ಬಿರಿದು, ಒಳಗೊಳಗೇ ಕಾಯುತ್ತ ಕೂತದ್ದು. ಫೌಂಡ್ರಿಯವನ ಹೆಂಡತಿಗೆ ಅಷ್ಟು ತಿಳಿಯುತ್ತದೆ. ನಮ್ಮವರು ನನ್ನ ಮುಖ ನೋಡಿದರು, ನಾನು ಅವರ ಮುಖ ನೋಡಿದೆ. "ಬಿದ್ದ ಏಟಿಗೆ ಮುರದೈತಿ," ಎಂದು ಅವರು ಅಪ್ಪಾಸಾಹೇಬನಿಗೆ ಹೇಳಿದರು. ಸುಳ್ಳು ಹೇಳಲು ಬರುವುದಿಲ್ಲ ಎಂದವರಿಗೆ ನಾನೇ ಕಲಿಸಿದ್ದೆ. ವಾರದೊಳಗೆ ಗಾಡಿ ಗುಜರಿಗೆ ಹೋಯಿತು.

"ಹೆಂಡ್ತೀನ ಕೂಡಿಸ್ಕೊಂಡು ಇಷ್ಟು ಜೋರ ಹೊಡೀತಾರೇನೋ, ಮೂಳಾ?" ಎಂದು ಅಪ್ಪಾಸಾಹೇಬನ ತಾಯಿ ಹತ್ತು ಜನರ ಮುಂದೆ ಅಂದಳು. ಇಂದಿಗೂ ಅನ್ನುತ್ತಾಳೆ. ಅವನು ಆವತ್ತಿನಿಂದ ಯಾವ ಗಾಡಿಯನ್ನೂ ಮುಟ್ಟಿಲ್ಲ. ಬೆಳಗಾವಿಗೆ ಸಾಮಾನು ತರಲು ಬಂದರೂ ಬಸ್ಸಿನಲ್ಲೇ ಬರುತ್ತಾನೆ. ರಾಜಮತಿ ಬಸದಿಯಲ್ಲಿ ಎಲ್ಲರೂ ನೆಲಕ್ಕೆ ಕೂತಾಗ ಹಿಂದೆ ಕುರ್ಚಿಯ ಮೇಲೆ ಕಾಲು ಚಾಚಿ ಕೂಡುತ್ತಾಳೆ.

ದಶಲಕ್ಷಣ ಪರ್ವ ಮುಗಿದ ಮೇಲೆ ಕ್ಷಮಾವಳಿಯ ದಿನ ನಾವು ಒಬ್ಬರಿಗೊಬ್ಬರು ಕೈ ಮುಗಿದು ಕ್ಷಮೆ ಕೇಳುತ್ತೇವೆ: ತಿಳಿದೋ ತಿಳಿಯದೆಯೋ ಮಾಡಿದ ತಪ್ಪಿಗೆ, ಎಂದು. ನಾಲ್ಕು ವರ್ಷ ರಾಜಮತಿಯ ಎದುರು ನಿಂತು ಆ ಮಾತು ಹೇಳಿದ್ದೇನೆ. ತಿಳಿದೋ ತಿಳಿಯದೆಯೋ — ಆ ಎರಡನೆಯ ಶಬ್ದದ ಹಿಂದೆ ಅಡಗಿಕೊಂಡು. ಅವಳೂ ಕೈ ಮುಗಿದು, "ನಿನ್ನದೇನೈತಿ ಬಿಡಕ್ಕಾ. ಇವರನ್ನೂ ನಾ ಕ್ಷಮಿಸೀನಿ. ಆದ್ರ ಬಾಜೂಕ ಕೂಡಾಕ ಅಂಜಿಕಿ ಬರ್ತೈತಿ," ಅನ್ನುತ್ತಾಳೆ. ತಪ್ಪು ಮಾಡದವನಿಗೆ ಕ್ಷಮೆ ಹೋಗುತ್ತಿದೆ, ಪ್ರತಿ ವರ್ಷ, ನನ್ನ ಕಣ್ಣೆದುರಿಗೆ.

ಈ ವರ್ಷ ಆ ದಿನ ಬಸದಿಯ ಅಂಗಳದಲ್ಲಿ ಅಪ್ಪಾಸಾಹೇಬನೇ ನನ್ನ ಹತ್ತಿರ ಬಂದ. ಕೂದಲೆಲ್ಲ ಬಿಳಿಯಾಗಿದೆ.

"ಅಕ್ಕಾರ, ನಾ ಆವತ್ತು ಸಾವಕಾಶ ಹೊಂಟಿದ್ದೆ ಅಂತ ನನಗ ನೆನಪು. ಹೇಳಿದ್ರ ಯಾರೂ ನಂಬವಲ್ರು. ಈಗ ನನಗೂ ನಂಬಿಗಿ ಇಲ್ರಿ. ಜೋರ ಹೊಡದೇ ಇರಬೇಕು ನಾನು, ಅಲ್ರೀ?"

ನನ್ನ ಉತ್ತರಕ್ಕೆ ಕಾಯುತ್ತ ನಿಂತಿದ್ದ. ಮನುಷ್ಯನಿಂದ ಏನನ್ನಾದರೂ ಕಸಿಯಬಹುದು. ನಾನು ಅವನ ನೆನಪನ್ನೇ ಕಸಿದಿದ್ದೇನೆ. ಒಳಗಿಂದ ಯಾರೋ ಕರೆದರು, ಹೋಗಿಬಿಟ್ಟೆ.

ಅದಕ್ಕೇ ಬರೆಯುತ್ತಿದ್ದೇನೆ. ಬಾಯಿಂದ ಹೇಳಲು ಹೋದರೆ ಅರ್ಧ ನುಂಗುತ್ತೇನೆ. ನಾಳೆ ಖಾನಾಪುರಕ್ಕೆ ಹೋಗಿ, ರಾಜಮತಿಯನ್ನೂ ಅಪ್ಪಾಸಾಹೇಬನನ್ನೂ ಅವನ ತಾಯಿಯನ್ನೂ ಒಟ್ಟಿಗೆ ಕೂಡಿಸಿ, ಇದನ್ನು ಮೊದಲಿಂದ ಕೊನೆಯವರೆಗೆ ಓದುತ್ತೇನೆ. ನಮ್ಮವರಿಗೆ ಹೇಳಿದೆ. "ಹ್ವಾದ ಕಾಲು ತಿರುಗಿ ಬರ್ತೈತೇನು?" ಅಂದರು. ಬರುವುದಿಲ್ಲ. ಅವಳು ನನ್ನ ಮುಖ ನೋಡುವುದನ್ನು ಬಿಡಬಹುದು. ಬಿಡಲಿ. ಕ್ಷಮಿಸು ಎಂದು ಈ ಸಲ ಕೇಳುವುದಿಲ್ಲ. ಅಪ್ಪಾಸಾಹೇಬ, ನೀನು ಸಾವಕಾಶವೇ ಹೊಂಟಿದ್ದಿ — ಅಷ್ಟು ಹೇಳಿ, ಅವರು ಏನೆನ್ನುತ್ತಾರೋ ಅದನ್ನು ಕೂತು ಕೇಳಿ ಬರುತ್ತೇನೆ.

ಇನ್ನೊಂದು ಉಳಿದಿದೆ. ಅದನ್ನೂ ಓದಬೇಕು, ರಾಜಮತಿ, ನಿನ್ನ ಎದುರಿಗೆ.

ಆ ದಿನ ನಿನ್ನ ಮಗಳು ಅಳುತ್ತಿದ್ದಂತೆಯೇ ಫೋನು ಇಟ್ಟೆ. ಕೊಡ ಅರ್ಧ ತುಂಬಿತ್ತು ಎಂದೆನಲ್ಲ. ಬಟ್ಟೆಯನ್ನು ಮತ್ತೆ ಕೊಡದ ಬಾಯಿಗೆ ಬಿಗಿದು, ಉಳಿದ ನೀರನ್ನೂ ಸೋಸಿದೆ. ಒಂದು ಹನಿ ಹೊರಗೆ ಚೆಲ್ಲಲಿಲ್ಲ. ಆಮೇಲೆ ಬಟ್ಟೆಯನ್ನು ಮಗುಚಿ, ಸೋಸಿದ ನೀರನ್ನೇ ಅದರ ಮೇಲೆ ಮೆಲ್ಲಗೆ ಹನಿಸಿ, ಬಟ್ಟೆಯಲ್ಲಿ ಸಿಕ್ಕ, ಕಣ್ಣಿಗೆ ಕಾಣದ ಜೀವಗಳನ್ನು ಸಣ್ಣ ತಂಬಿಗೆಯಲ್ಲಿ ಹಿಡಿದು, ಯಾವುದಕ್ಕೂ ನೋವಾಗದ ಹಾಗೆ ಹಗ್ಗದಲ್ಲಿ ನಿಧಾನವಾಗಿ ಬಾವಿಗೆ ಇಳಿಸಿದೆ.